ಬೆಕ್ಕಿನ ಕೂಗು ಜೋಡಿಸುತ್ತಿದ್ದ ಕಿವಿಯಕ್ಕ

ಕಿರುತೆರೆಯನ್ನು ಜನ ನೋಡುತ್ತಾರೆ ಎಂಬುದು ಅರ್ಧ ಸತ್ಯ. ಸೊಪ್ಪು ಬಿಡಿಸುತ್ತಲೋ, ಬಟ್ಟೆಗೆ ಇಸ್ತ್ರಿ ಹಾಕುತ್ತಲೋ, ಮಗುವಿಗೆ ಉಣಿಸುತ್ತಲೋ ಪಕ್ಕದ ಕೋಣೆಯಿಂದ ಅದನ್ನು ಕೇಳಿಸಿಕೊಳ್ಳುವವರೇ ಹೆಚ್ಚು. ಯಾವಾಗ ನಗಬೇಕು, ಯಾವಾಗ ಕಣ್ಣೊರೆಸಿಕೊಳ್ಳಬೇಕು, ಯಾವಾಗ ಕೈಯ ಕೆಲಸ ಬಿಟ್ಟು ಓಡಿಬರಬೇಕು ಎಂಬುದನ್ನೆಲ್ಲ ಅವರಿಗೆ ತಿಳಿಸುವುದು ಕಣ್ಣಲ್ಲ, ಕಿವಿ. ಆ ಕಿವಿಯ ಕಸುಬಿನಲ್ಲಿ ಒಂದು ಇಡೀ ತಲೆಮಾರನ್ನು ಪಳಗಿಸಿ, ಈಗ ನಮ್ಮ ವಾಹಿನಿಯ ಧ್ವನಿ ಸಂಕಲನ ವಿಭಾಗದಿಂದ ನಿವೃತ್ತರಾಗುತ್ತಿರುವ ಹಿರಿಯರು, ನಮಗೆಲ್ಲ ಕಿವಿಯಕ್ಕ ಎಂದೇ ಪರಿಚಿತರು. ಅವರ ಕೈಕೆಳಗೆ ಕೆಲಸ ಕಲಿತವರ ಪರವಾಗಿ ಈ ನಾಲ್ಕು ಮಾತು.

ಅಭಿನಂದನ ಗ್ರಂಥಗಳಲ್ಲಿ ಸನ್ಮಾನಿತರೆಲ್ಲ ಧೀರರೂ ಯಾರಿಗೂ ಅಂಜದವರೂ ಆಗಿಬಿಡುವುದು ವಾಡಿಕೆ. ಕಿವಿಯಕ್ಕನವರ ಬಗ್ಗೆ ಹಾಗೆ ಬರೆದರೆ ಓದಿ ಮೊದಲು ನಗುವವರು ಅವರೇ. ಅವರಷ್ಟು ಪುಕ್ಕಲು ಸ್ವಭಾವದವರನ್ನು ನಾವು ಕಂಡಿಲ್ಲ. ಲಿಫ್ಟ್ ನಡುವೆ ನಿಂತೀತೆಂದು ಮೆಟ್ಟಿಲು ಹತ್ತುವವರು, ಮೇಲಧಿಕಾರಿಯ ಫೋನು ಬಂದರೆ ಎದ್ದು ನಿಂತು ಮಾತನಾಡುವವರು, ಗ್ಯಾಸ್ ಆರಿಸಿದ ಮೇಲೂ ಗೇಟಿನಿಂದ ವಾಪಸು ಹೋಗಿ ಮುಟ್ಟಿ ನೋಡುವವರು. ಅವರ ಯಜಮಾನರು ಡ್ರೈವಿಂಗ್ ಶಾಲೆ ನಡೆಸುತ್ತಾರೆ. "ನನ್ನ ಕಾರಲ್ಲಿ ಎರಡು ಬ್ರೇಕ್ ಇದೆ, ಇವಳು ಹಿಂದೆ ಕೂತ್ರೆ ಮೂರು" ಎಂದು ಅವರು ಬಂದವರೆದುರೆಲ್ಲ ಹೇಳಿ ನಗುತ್ತಾರೆ; ಅಕ್ಕನವರು ಮಾತ್ರ ಖಾಲಿ ನೆಲವನ್ನು ಒತ್ತುವುದನ್ನು ಇಂದಿಗೂ ಬಿಟ್ಟಿಲ್ಲ.

ಆದರೆ ಆ ಹೆದರಿಕೆಯ ನೆರಳಿನಲ್ಲಿ ನಾವು ತಂಪಾಗಿ ಬೆಳೆದೆವು. ಕೆಲಸ ಮುಗಿಸಿ ಹೊರಟ ಯಾವ ಕಿರಿಯರಿಗೂ "ಮನೆ ತಲುಪಿದ್ರಾ?" ಎಂದು ಫೋನು ಬಾರದೆ ಇರುತ್ತಿರಲಿಲ್ಲ. ಒಮ್ಮೆ ಸಹಾಯಕಿಯೊಬ್ಬಳ ಕೈತಪ್ಪಿನಿಂದ ಇಡೀ ಕಂತಿನ ಧ್ವನಿ ಅಳಿಸಿಹೋದಾಗ ಅವಳನ್ನು ಒಬ್ಬಳೇ ಮ್ಯಾನೇಜರರ ಕೋಣೆಗೆ ಕಳಿಸಲಿಲ್ಲ. ಜೊತೆಗೆ ಹೋದರು. ಒಳಗೆ ಹೋದ ಮೇಲೆ ಇಬ್ಬರಲ್ಲಿ ಯಾರು ಹೆಚ್ಚು ನಡುಗುತ್ತಿದ್ದಾರೆಂದು ತಿಳಿಯದೆ ಮ್ಯಾನೇಜರರೇ ಇಬ್ಬರಿಗೂ ಕಾಫಿ ತರಿಸಬೇಕಾಯಿತಂತೆ.

ಸೇವೆಯ ಆರಂಭದ ವರ್ಷಗಳಲ್ಲಿ ಅವರ ಪಾಲಿಗೆ ಬಂದದ್ದು ಹಾಸ್ಯ ಧಾರಾವಾಹಿಗಳು, ಅವುಗಳ ಜೊತೆಗೆ ಬೆಕ್ಕುಗಳು. ನಮ್ಮ ಹಾಸ್ಯದಲ್ಲಿ ಬೆಕ್ಕು ಸಾಕಿದ ಹೆಂಗಸು ಎಂದರೆ ಮುಗಿಯಿತು: ಆಕೆಗೆ ಮದುವೆಯಾಗಿರುವುದಿಲ್ಲ, ಆಗಿದ್ದರೆ ಗಂಡ ಓಡಿಹೋಗಿರುತ್ತಾನೆ. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ. ಬೆಕ್ಕಿಗೆ ಹಾಲು ಕಾಯಿಸಿ, ಆರಿಸಿ, ಊದಿ ಕೊಡುವ ಆಕೆ ಮನೆಗೆ ಬಂದ ನೆಂಟರಿಗೆ ನೀರು ಕೊಡಲೂ ಮರೆಯುತ್ತಾಳೆ. ಗಂಡಸು ಬೆಕ್ಕು ಸಾಕಿದರೆ ಆತ ಅಮ್ಮನ ಸೆರಗು ಬಿಡದವ, ಇಲ್ಲವೇ ಇನ್ನೊಬ್ಬರ ಮನೆ ಮುರಿಯಲು ಹೊಂಚು ಹಾಕುವವ. ನಾಯಿ ಸಾಕಿದವರು ಮಾತ್ರ ಸದಾ ಸಂಭಾವಿತರು. ಇನ್ನು ಬೆಕ್ಕಿನ ಕೆಲಸವೆಂದರೆ ಹಾಲು ಚೆಲ್ಲುವುದು ಮತ್ತು ಅಳಿಯನಾಗಬೇಕಾದವನ ತಲೆಯ ಮೇಲೆ ಹಾರುವುದು. ಇದನ್ನು ಬರೆದವರಲ್ಲಿ ಬಹಳ ಮಂದಿ ಬೆಕ್ಕನ್ನು ಕಂಡದ್ದು ಕಂಪೌಂಡಿನ ಮೇಲೆ ಮಾತ್ರ.

ಸೆಟ್ಟಿನ ದೀಪಗಳಡಿಯಲ್ಲಿ ಯಾವ ಬೆಕ್ಕೂ ಬಾಯಿ ಬಿಡುವುದಿಲ್ಲ. ಕಿವಿ ಹಿಂದಕ್ಕೆ ಮಡಚಿಕೊಂಡು ಕುರ್ಚಿಯ ಕೆಳಗೆ ಸೇರಿಬಿಡುತ್ತದೆ. ಆದ್ದರಿಂದ ಪ್ರತಿಯೊಂದು ಮಿಯಾಂವ್ ಅನ್ನೂ ಕಿವಿಯಕ್ಕನವರು ಆಮೇಲೆ ಜೋಡಿಸುತ್ತಿದ್ದರು. ಅದರ ಬೆನ್ನಿಗೆ ನಗು. ಬೆಕ್ಕು ತೆರೆಗೆ ಬಂದರೆ ಮಿಯಾಂವ್, ಮಿಯಾಂವ್ ಆದರೆ ನಗು. ಇದು ನಮ್ಮ ವಾಹಿನಿಯಲ್ಲಿ ಉಸಿರಾಟದಷ್ಟು ಸಹಜವಾಗಿಹೋಗಿತ್ತು. ಆ ಕೂಗನ್ನು ಅವರು ಹೊಸದರಲ್ಲಿ ಪಶುವೈದ್ಯರೊಬ್ಬರ ದವಾಖಾನೆಯಲ್ಲಿ ಮುದ್ರಿಸಿಕೊಂಡಿದ್ದರು. ಸೂಜಿ ಕಂಡ ಬೆಕ್ಕೊಂದು ಭಯದಿಂದ ಕೂಗಿದ ಕೂಗು ಅದು. ಜನ ಅದನ್ನೇ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಾನೂ ಹಾಗೇ ಕೂಗ್ತೀನಿ ಕಣ್ರೀ, ಒಳಗೊಳಗೇ" ಎಂದು ಅಕ್ಕನವರು ಒಮ್ಮೆ ನಮ್ಮೆದುರು ಹೇಳಿದ್ದುಂಟು. ನಾವು ಅದಕ್ಕೂ ನಕ್ಕೆವು.

ಮುಂದೆ ಹಾಸ್ಯದ ಕಾಲ ಇಳಿದು, ಮನೆಯನ್ನೂ ಮನೆಯವರನ್ನೂ ಹೊಸದು ಮಾಡಿಕೊಡುವ ಕಾರ್ಯಕ್ರಮಗಳ ಕಾಲ ಬಂತು. ಅಲ್ಲಿಯೂ ಬೆಕ್ಕಿನ ಹಣೆಬರಹ ಬದಲಾಗಲಿಲ್ಲ. ಮೊದಲರ್ಧದಲ್ಲಿ ಮಬ್ಬು ಬೆಳಕು, ಸೋಫಾದ ಮೇಲೆ ಕೂದಲು, ಕುಗ್ಗಿದ ಹೆಗಲಿನ ಒಡತಿ, ಅವಳ ಮಡಿಲಲ್ಲಿ ಬೆಕ್ಕು. ಎರಡನೆಯ ಅರ್ಧದಲ್ಲಿ ಹೊಸ ಪರದೆ, ಹೊಸ ಕೇಶಶೈಲಿ, ನಗುವ ಒಡತಿ. ಬೆಕ್ಕು ಮಾತ್ರ ಇರುವುದಿಲ್ಲ. ಎಲ್ಲಿ ಹೋಯಿತೆಂದು ನೋಡುವವರು ಕೇಳುವುದಿಲ್ಲ. ಒಡತಿಯ ಒಂಟಿತನದ ಜೊತೆಗೆ ಅದನ್ನೂ ಗುಡಿಸಿ ಹಾಕಲಾಗಿದೆ ಎಂದು ತಿಳಿದುಕೊಳ್ಳುತ್ತಾರೆ.

ಆ ಕಾರ್ಯಕ್ರಮಕ್ಕೆ ಒಮ್ಮೆ ಮನೆಯಲ್ಲೇ ಹೊಲಿಗೆ ಮಾಡುವ ಟೈಲರಮ್ಮ ಆಯ್ಕೆಯಾದರು. ಅರ್ಜಿ ಹಾಕಿದ್ದು ಅವರಲ್ಲ, ಅವರ ತಂಗಿ. ಒಂಟಿ ಜೀವ, ಜೊತೆಗೊಂದು ದಪ್ಪ ಬೂದು ಬೆಕ್ಕು. ಅದು ಅಳತೆ ಕೊಡಲು ಬಂದವರನ್ನೆಲ್ಲ ಮೇಲಿಂದ ಕೆಳಗೆ ನೋಡುತ್ತಿದ್ದುದರಿಂದ ಅದನ್ನು ಸಾಹೇಬರು ಎಂದು ಕರೆಯುತ್ತಿದ್ದರು. ಮುಂಗೋಣೆಯ ಗೋಡೆಯಲ್ಲಿ ಒಂದು ಆಳವಾದ ಗೂಡು. ಬಟ್ಟೆಯ ಸುರುಳಿಗಳನ್ನು ಒಟ್ಟುವ ಜಾಗ. ಸಾಹೇಬರ ಕಚೇರಿ ಅಲ್ಲೇ. ಟೈಲರಮ್ಮನನ್ನಷ್ಟೇ ಹೋಟೆಲಿಗೆ ಕಳಿಸಿ, ನಮ್ಮವರು ಮನೆ ಖಾಲಿ ಮಾಡಿ, ಬಣ್ಣ ಬಳಿದು, ಆ ಗೂಡಿಗೆ ಅಡ್ಡಲಾಗಿ ಹಲಗೆ ಹೊಡೆದು, ಅದರ ಮೇಲೆ ಆಳೆತ್ತರದ ಕನ್ನಡಿ ನಿಲ್ಲಿಸಿದರು. ಬದಲಾದ ಒಡತಿ ಬಂದು ಆ ಕನ್ನಡಿಯಲ್ಲಿ ತನ್ನನ್ನು ತಾನೇ ಕಾಣುವುದು ಕಂತಿನ ಕೊನೆಯ ದೃಶ್ಯ.

ಆ ದೃಶ್ಯದ ತುಣುಕುಗಳು ಮರುದಿನ ಬೆಳಿಗ್ಗೆ ಸಂಕಲನದ ಕೋಣೆಗೆ ಬಂದವು. ಕನ್ನಡಿಯ ಮುಂದೆ ಟೈಲರಮ್ಮ ಬಿಕ್ಕಿಬಿಕ್ಕಿ ಅಳುತ್ತಿದ್ದಾರೆ. "ಆನಂದಬಾಷ್ಪ ಅಂದ್ರೆ ಇದು!" ಎಂದು ನಿರ್ದೇಶಕರು ತೊಡೆ ತಟ್ಟಿದರು. ಅಷ್ಟರಲ್ಲಿ ಸಣ್ಣಗೆ ಒಂದು ಮಿಯಾಂವ್ ಕೇಳಿಸಿತು. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದರು.

"ಅಕ್ಕಾ, ನಿಮ್ಮ ಕೈ ಸುಮ್ನೆ ಇರಲ್ಲ ಅಲ್ವಾ? ಆಗ್ಲೇ ಮಿಯಾಂವ್ ಹಾಕ್ಬಿಟ್ಟಿದ್ದೀರಿ," ಎಂದರು ನಿರ್ದೇಶಕರು. "ಆದ್ರೆ ಈ ಶಾಟ್‌ನಲ್ಲಿ ಬೆಕ್ಕೇ ಇಲ್ಲ. ತೆಗೆದುಬಿಡಿ."

"ಆಗಲಿ ಸಾರ್," ಎಂದರು ಕಿವಿಯಕ್ಕ. ಅದು ಅವರ ಸದಾಕಾಲದ ಉತ್ತರ.

ಆದರೆ ಆ ತುಣುಕಿಗೆ ಅವರು ಇನ್ನೂ ಕೈಯೇ ಹಚ್ಚಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದರು. ದವಾಖಾನೆಯ ಕೂಗು ಎಳೆಯದು, ಚೂಪಾದದ್ದು. ಇದು ತಗ್ಗಿದ, ಒಡೆದ, ಕೂಗಿಕೂಗಿ ಸೋತ ಗಂಟಲು. ಕನ್ನಡಿಯ ಬುಡದ ಹೂದಾನಿಯಲ್ಲಿ ಬಚ್ಚಿಟ್ಟ ಮೈಕು ಮಾತ್ರ ಅದನ್ನು ಹಿಡಿದಿತ್ತು. ಚಪ್ಪಾಳೆ, ಸಂಗೀತಗಳ ಗದ್ದಲದಲ್ಲಿ ಸ್ಥಳದಲ್ಲಿದ್ದ ಯಾರಿಗೂ ಕೇಳಿಸಿರಲಿಲ್ಲ. ಕನ್ನಡಿಯ ಮುಂದೆ ಅಳುತ್ತಿದ್ದ ಒಡತಿಗೂ. ಆಕೆಗೂ ಬೆಕ್ಕಿಗೂ ನಡುವೆ ಇದ್ದದ್ದು ಒಂದು ಗಾಜು, ಒಂದು ಹಲಗೆ.

"ಸಾರ್, ಬೆಕ್ಕು ಎಲ್ಲಿದೆ?" ಎಂದು ಅಕ್ಕನವರು ಕೇಳಿದರು.

"ಗದ್ದಲಕ್ಕೆ ಹೆದರಿ ಓಡಿಹೋಗಿದೆ. ಬರುತ್ತೆ ಬಿಡಿ. ಬರದಿದ್ರೆ ಕತೆಗೆ ಇನ್ನೂ ಒಳ್ಳೇದು."

ಬಾಯಿ ಬಿಟ್ಟು ಹೇಳಿಬಿಡಬೇಕಿತ್ತು. ತಾನು ಹೇಳಿದ್ದು ಸುಳ್ಳಾದರೆ? ಪ್ರಾಯೋಜಕರು ಕೊಟ್ಟ ಕನ್ನಡಿ ಒಡೆದು ನೋಡಿ ಒಳಗೆ ಬರೀ ಧೂಳಿದ್ದರೆ? ನಿಜವಾದರೆ ಇನ್ನೂ ಭಯ. ಹಲಗೆ ಹೊಡೆದದ್ದು ಮೊನ್ನೆ, ಅಂದಿನಿಂದ ಹನಿ ನೀರಿಲ್ಲ, ಬಣ್ಣದ ವಾಸನೆ ಹೋಗಲೆಂದು ಮನೆಗೆ ಬೀಗ, ಒಡತಿ ತಂಗಿಯ ಮನೆಯಲ್ಲಿ. ಅವರು ಮೆಟ್ಟಿಲಿಳಿದು ಬಂದು ಯಜಮಾನರಿಗೆ ಫೋನು ಮಾಡಿದರು. ಮಾತು ಹೊರಡದೆ ಅತ್ತರು. "ಅಳ್ಬೇಡ, ಬಂದೆ," ಎಂದಷ್ಟೇ ಹೇಳಿ ಆ ಪುಣ್ಯಾತ್ಮರು ಕಲಿಯುವವರನ್ನು ರಸ್ತೆಬದಿಯಲ್ಲಿ ಇಳಿಸಿ ಡ್ರೈವಿಂಗ್ ಶಾಲೆಯ ಕಾರನ್ನೇ ತಂದರು. ಅಂದು ದಾರಿಯುದ್ದಕ್ಕೂ ಅಕ್ಕನವರು ಇಲ್ಲದ ಬ್ರೇಕನ್ನು ಒತ್ತಲಿಲ್ಲವಂತೆ. ಬೇಗ ಹೋಗಿ, ಬೇಗ ಹೋಗಿ ಎಂದರಂತೆ.

ಮನೆ ತೆರೆಯಬೇಕೆಂದಷ್ಟೇ ಫೋನಿನಲ್ಲಿ ಹೇಳಿ ಕರೆಸಿದ್ದ ಟೈಲರಮ್ಮ ಬೀಗದಕೈ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹೊಸ ಕೇಶಶೈಲಿ, ಊದಿಕೊಂಡ ಕಣ್ಣು. ಬೆಳಗಿನಿಂದ ಬೀದಿಬೀದಿ ಸುತ್ತಿ ಸಾಹೇಬರನ್ನು ಕೂಗಿ ಬಂದಿದ್ದರು.

"ಅದು ಹೋಗಿದ್ದೇ ಒಳ್ಳೇದಾಯ್ತು ಅಂದ್ರು ನಿಮ್ಮೋರು," ಎಂದರು ಆಕೆ. "ಬೆಕ್ಕಿನ ಹಿಂದೆ ಬಚ್ಚಿಟ್ಕೊಂಡು ಬದುಕ್ತಿದ್ದೆನಂತೆ ನಾನು. ಇರಬಹುದೇನೋ. ಟೀವಿಯೋರಿಗೆ ಗೊತ್ತಿರುತ್ತಲ್ವಾ?"

ಬೀಗ ತೆಗೆದೊಡನೆ ಕಿವಿಯಕ್ಕನವರು ಒಳಗೆ ನುಗ್ಗಿ ಕನ್ನಡಿಯ ಅಂಚಿನ ಹಲಗೆಗೆ ಕಿವಿ ಹಚ್ಚಿದರು. ಸದ್ದಿಲ್ಲ. ಬೆರಳಿನಿಂದ ತಟ್ಟಿದರು. ಸದ್ದಿಲ್ಲ. ಎಷ್ಟೋ ಸಾವಿರ ಸದ್ದುಗಳನ್ನು ಬೇರ್ಪಡಿಸಿದ ಆ ಕಿವಿಗೆ ತನ್ನದೇ ಎದೆಬಡಿತದ ಹೊರತು ಏನೂ ದಕ್ಕಲಿಲ್ಲ. ತಡವಾಯಿತು ಎಂದುಕೊಂಡರು. ಒಂದು ಕ್ಷಣ, ಈ ಹಲಗೆಯನ್ನು ತೆಗೆಯದೆ ಹೊರಟುಹೋದರೆ ಈಕೆಗೆ ಎಂದಿಗೂ ಗೊತ್ತಾಗುವುದಿಲ್ಲ, ಓಡಿಹೋಯಿತೆಂದೇ ತಿಳಿದು ಸಮಾಧಾನವಾಗಿರುತ್ತಾಳೆ ಎಂಬ ಯೋಚನೆಯೂ ಬಂತಂತೆ.

"ಒಳಗಿದೆ ಅನ್ಸುತ್ತೆ," ಎಂದರು ಕೊನೆಗೆ. ದನಿ ಅವರದೇ ಎಂದು ಅವರಿಗೇ ಗುರುತು ಸಿಗಲಿಲ್ಲ. "ಜೀವ ಇದೆಯೋ ಇಲ್ವೋ ಗೊತ್ತಿಲ್ಲಮ್ಮ. ಒಡೀಲಾ?"

ಟೈಲರಮ್ಮ ಗೋಡೆಯನ್ನೊಮ್ಮೆ, ಕನ್ನಡಿಯಲ್ಲಿ ನಿಂತಿದ್ದ ತನ್ನನ್ನೊಮ್ಮೆ ನೋಡಿದರು. "ಕೇಳ್ತೀರಲ್ಲ! ಒಡೀರಿ!" ಎಂದು ಕಿರುಚಿದರು.

ಮೂವರೂ ಸೇರಿ ಕನ್ನಡಿಯನ್ನು ಕೆಳಗಿಳಿಸಿದರು. ಕಾರಿನ ಚಕ್ರ ಬಿಚ್ಚುವ ಸಲಾಕೆಯನ್ನು ಯಜಮಾನರು ಸಂದಿಗೆ ತೂರಿಸಿ ಮೀಟಿದರು. ಹಲಗೆ ಸೀಳಿತು. ಒಳಗೆ ಮರೆತುಬಿಟ್ಟ ಒಂದೆರಡು ಬಟ್ಟೆಸುರುಳಿ, ಅವುಗಳ ಹಿಂದೆ ಧೂಳು ಮೆತ್ತಿದ ಒಂದು ಮುದ್ದೆ. ಅಲುಗಲಿಲ್ಲ. ಟೈಲರಮ್ಮ ಮೊಣಕಾಲೂರಿ, ಎರಡೂ ಕೈ ಒಳಗೆ ಚಾಚಿ, "ಸಾಹೇಬ್ರೇ, ನಾನು," ಎಂದರು. ಮುದ್ದೆಯಲ್ಲಿ ಒಂದು ಕಣ್ಣು ತೆರೆಯಿತು. ಬಾಯಿ ತೆರೆಯಿತು. ದನಿ ಮಾತ್ರ ಬರಲಿಲ್ಲ. ಇದ್ದದ್ದೆಲ್ಲ ಗೋಡೆಗೆ ಖರ್ಚಾಗಿಹೋಗಿತ್ತು.

ಒದ್ದೆ ಬಟ್ಟೆಯ ತುದಿಯಿಂದ ಹನಿಹನಿಯಾಗಿ ನೀರು ಕುಡಿಸಿದರು. ಫೋನು ಮಾಡಿದಾಗ ಪಶುವೈದ್ಯರು ಬರುತ್ತೇನೆಂದರು. ಕಿವಿಯಕ್ಕನವರು ನೆಲದ ಮೇಲೆ ಕುಳಿತು, ನಿಯಮದಂತೆ ನಿರ್ದೇಶಕರಿಗೆ ಫೋನು ಮಾಡಿ ಬೆಕ್ಕು ಸಿಕ್ಕಿತೆಂದು ತಿಳಿಸಿದರು. ಆಚೆಯಿಂದ ಆನಂದದ ಕೇಕೆ. "ಅದ್ಭುತ! ಯಾರೂ ಏನೂ ಮುಟ್ಬೇಡಿ! ಕ್ಯಾಮರಾ ತರ್ತಿದ್ದೀನಿ. ಬೆಕ್ಕನ್ನ ಐದೇ ನಿಮಿಷ ಮತ್ತೆ ಒಳಗೆ ಇಡಿ, ಹಲಗೆ ಒರಗಿಸಿ, ಟೈಲರಮ್ಮನ ಕೈಲೇ ತೆಗೆಸೋಣ. ಮಿಯಾಂವ್ ನೀವು ಆಮೇಲೆ ಹಾಕ್ಕೊಡಿ."

ಕಿವಿಯಕ್ಕನವರು "ಆಗಲಿ ಸಾರ್" ಎನ್ನಲಿಲ್ಲ. ಫೋನು ಇಟ್ಟು, ಎದ್ದು ಹೋಗಿ ಮುಂಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ವ್ಯಾನು ಬಂತು. ಬಾಗಿಲು ಬಡಿದರು. ಮೊದಲು ನಯವಾಗಿ, ಆಮೇಲೆ ಜೋರಾಗಿ.

"ಅಕ್ಕಾ, ನಿಮಗೆ ಕೆಲಸ ಬೇಡ್ವಾ?" ಎಂದಿತು ಆಚೆಯ ದನಿ.

"ಬೇಕು ಸಾರ್," ಎಂದರು ಅಕ್ಕ. ಹಲ್ಲಿಗೆ ಹಲ್ಲು ತಾಗುತ್ತಿತ್ತು. "ತುಂಬಾ ಬೇಕು. ಆದ್ರೂ ಬಾಗಿಲು ತೆಗೆಯಲ್ಲ."

ಪಶುವೈದ್ಯರು ಬಂದು ಹಿತ್ತಿಲ ಬಾಗಿಲಿನಿಂದ ಒಳಗಾಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಆ ಕಂತು ಪ್ರಸಾರವಾಗಲಿಲ್ಲ. ಅಕ್ಕನವರನ್ನು ಬಹಳ ಕಾಲ ಜಾಹೀರಾತುಗಳ ಮೂಲೆಗೆ ತಳ್ಳಿದರು. ನಮ್ಮಲ್ಲಿ ಹಲವರು ಕೆಲಸ ಕಲಿತದ್ದು ಆ ಮೂಲೆಯಲ್ಲೇ. ಸಾಹೇಬರ ದನಿ ಮರಳಲು ಸಾಕಷ್ಟು ದಿನ ಹಿಡಿಯಿತು. ಟೈಲರಮ್ಮ ಮತ್ತೆ ಆ ಗೂಡಿನಲ್ಲಿ ಬಟ್ಟೆ ಒಟ್ಟಿದರು. ಟಿ.ವಿ.ಯನ್ನು ತಂಗಿಗೆ ಕೊಟ್ಟುಬಿಟ್ಟರು.

ಮಾನ್ಯ ಕಿವಿಯಕ್ಕನವರಿಗೆ ದೀರ್ಘಾಯುಷ್ಯವನ್ನೂ, ಕಿರಿಯರಿಗೆ ಪಾಠ ಹೇಳುವ ಅವರ ಕೆಲಸಕ್ಕೆ ಇನ್ನಷ್ಟು ವರ್ಷಗಳನ್ನೂ ನಾವೆಲ್ಲ ಮನಸಾರೆ ಕೋರುತ್ತೇವೆ. ಧೈರ್ಯವಾಗಿರಿ ಎಂದು ಮಾತ್ರ ಹಾರೈಸುವುದಿಲ್ಲ. ಧೈರ್ಯವಂತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ಅಂದು ಬೆಳಿಗ್ಗೆ ಆ ಕೂಗು ಕೇಳಿ ನಕ್ಕವರೆಲ್ಲ ಧೈರ್ಯವಂತರೇ. ಅಕ್ಕಾ, ನೀವು ಹೆದರುತ್ತಲೇ ನೂರು ವರ್ಷ ಬಾಳಿ.