ಅಕ್ಕನ ಫೋನಿಗೆ ಬಂದ ನಂಬರು

ಅಪ್ಪ ತೀರಿಕೊಂಡ ಮೇಲೂ ಬಹಳ ದಿನ ಹೊಲದ ಪಹಣಿ ಅಪ್ಪನ ಹೆಸರಿನಲ್ಲೇ ಇತ್ತು. ಅವ್ವ ಮೊದಲೇ ಹೋಗಿದ್ದಳು. ಉಳಿದವರು ನಾವಿಬ್ಬರೇ: ಕಟ್ಟಾಯ ಹೋಬಳಿಯ ನಮ್ಮೂರಲ್ಲಿ ಬೇಸಾಯ ಮಾಡಿಕೊಂಡಿರುವ ತಮ್ಮ, ಮದುವೆಯಾಗಿ ಚನ್ನರಾಯಪಟ್ಟಣ ಸೇರಿದ ನಾನು. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಎಂದರೆ ಹಿಂದೆ ಚಪ್ಪಲಿ ಸವೆಯುವ ಕೆಲಸ. ಇವತ್ತು ಸಾಹೇಬರಿಲ್ಲ, ನಾಳೆ ಕರೆಂಟಿಲ್ಲ. ತಾತನ ಖಾತೆ ತನ್ನ ಹೆಸರಿಗೆ ಬರುವಷ್ಟರಲ್ಲಿ ಅಪ್ಪನ ತಲೆಯೇ ನೆರೆತುಹೋಗಿತ್ತು. ಈಗ ಗ್ರಾಮ ಆಡಳಿತಾಧಿಕಾರಿಯೇ ಫೋನ್ ಹಿಡಿದು ಊರಿಗೆ ಬರುತ್ತಾರೆ, ಜಗಲಿಯ ಮೇಲೆ ಕೂತು ಕೆಲಸ ಮುಗಿಸಿ ಹೋಗುತ್ತಾರೆ. ನಮ್ಮ ಮನೆಗೂ ಹಾಗೆಯೇ ಬಂದರು.

ನಾನು ಅಂಗನವಾಡಿ ಟೀಚರ್. ಆ ಹೊತ್ತಿಗೆ ಮಕ್ಕಳ ತೂಕ ನೋಡಿ ಫೋನಿಗೆ ತುಂಬಿಸುತ್ತಿದ್ದೆ. ತಮ್ಮ ಫೋನ್ ಮಾಡಿದ.

"ಅಕ್ಕ, ನಿನ್ ಫೋನಿಗೆ ಒಂದು ನಂಬರ್ ಬತ್ತದೆ. ಯೋಳ್ಬುಡು."

"ಯಾತುಕ್ಲಾ?"

"ಅಪ್ಪನ್ ಖಾತೆಗೆ ಕಣಕ್ಕ. ಆವಾಗ ಅತ್ತೇರು ಸೈನ್ ಆಕಿರ್ನಿಲ್ವಾ, ಅಂಗೇ. ಈಗ ಸೈನ್ ಬದ್ಲು ನಂಬರು."

ಅತ್ತೆಯರ ಸೈನು ನನಗೆ ಚೆನ್ನಾಗಿ ನೆನಪಿತ್ತು. ತಾತನ ತಿಥಿಗೆ ಅಪ್ಪನ ಅಕ್ಕ, ತಂಗಿ ಇಬ್ಬರೂ ಬಂದಿದ್ದರು. ಊಟವಾದ ಮೇಲೆ ತಟ್ಟೆಯಲ್ಲಿ ಎಲೆ ಅಡಿಕೆ, ಸೀರೆ ಇಟ್ಟು ಕೊಟ್ಟು, ಹಿಂದೆಯೇ ಕಾಗದ ಮುಂದಿಟ್ಟರು. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, "ನಮ್ಗ್ಯಾತುಕ್ ಒಲ, ತವ್ರು ತಣ್ಗಿದ್ರೆ ಸಾಕು" ಎಂದು ಬೆರಳು ಒರೆಸಿಕೊಂಡರು. ನಮ್ಮ ಕಡೆ ಹೆಣ್ಣುಮಕ್ಕಳ ಸೈನೆಂದರೆ ಬಿಟ್ಟುಕೊಟ್ಟೆ ಎಂದೇ ಅರ್ಥ.

ಹೆಣ್ಣುಮಕ್ಕಳಿಗೂ ಪಾಲಿದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಕೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ನಮ್ಮ ಬೀದಿಯಲ್ಲೇ ಒಬ್ಬಾಕೆ ಪಾಲು ಕೇಳಿದ್ದಕ್ಕೆ, ಅವಳ ಅಣ್ಣ ತನ್ನ ಮಗಳ ಮದುವೆಗೂ ಅವಳನ್ನು ಕರೆಯಲಿಲ್ಲ. ನನಗೆ ತವರು ಅಂತ ಉಳಿದಿದ್ದವನು ತಮ್ಮ ಒಬ್ಬನೇ. ಅವನು ಬಂದು ಒಂದು ಮಾತು ಕೇಳಿದ್ದರೆ ನಾನೇ ಬಿಟ್ಟುಕೊಡುತ್ತಿದ್ದೆನೋ ಏನೋ. ಅತ್ತೆಯರಿಗೆ ಸೀರೆಯಾದರೂ ಸಿಕ್ಕಿತ್ತು, ನನಗೆ ಬರೀ ಒಂದು ಫೋನ್ ಕರೆ! ಮೈಯೆಲ್ಲ ಉರಿದುಹೋಯಿತು.

"ಯಾರ್ಗೂ ಯೋಳ್ಬ್ಯಾಡಿ ಅಂತ ಬ್ಯಾಂಕ್ನೋರು ಬಡ್ಕೋತಾರೆ. ನಾ ಯೋಳಕಿಲ್ಲ" ಎಂದು ಫೋನ್ ಇಟ್ಟೆ.

ಬಂದ ನಂಬರಿನ ಗಡುವು ಮುಗಿಯಿತು. ಇನ್ನೊಂದು ಬಂತು, ಅದರದ್ದೂ ಮುಗಿಯಿತು. ಮತ್ತೆ ತಮ್ಮನ ಫೋನು. ಈ ಸಲ ಅವನ ದನಿ ಇಳಿದುಹೋಗಿತ್ತು.

"ನಿಂಗೆ ನಾನೂ ಯಾರೋ ಆಗೋದ್ನಾ ಅಕ್ಕ?"

ಕರಗಿಹೋದೆ. ಒಂದೊಂದೇ ಅಂಕಿ ಬಿಡಿಸಿ ಹೇಳಿದೆ. ಹೇಳಿ ಮುಗಿಸಿ, ಅಕ್ಕಿ ಬೇಳೆ ಮೂಟೆ ಇಡುವ ಕೋಣೆಗೆ ಹೋಗಿ ಕಣ್ಣೀರು ಹಾಕಿದೆ. ಹೊಲ ಹೋಯಿತು ಎಂದಲ್ಲ. ಬಾಯಿಮಾತಿಗಾದರೂ ಕೇಳಲಿಲ್ಲವಲ್ಲ ಎಂದು.

ಕೆಲವು ವಾರ ಕಳೆಯಿತು. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು ಒತ್ತಿದರೆ ಪಹಣಿಯನ್ನು ಮನೆಯಲ್ಲಿ ಕೂತೇ ನೋಡಬಹುದು. ಮಕ್ಕಳ ತೂಕ ತುಂಬಿಸಿ ತುಂಬಿಸಿ ನನಗೆ ಫೋನು ಪಳಗಿತ್ತು. ತಮ್ಮನ ಹೆಸರು ಸರಿಯಾಗಿ ಬಂದಿದೆಯೋ ನೋಡೋಣ ಎಂದು ತೆಗೆದೆ. ಅವನ ಹೆಸರಿತ್ತು. ಅದರ ಜೊತೆಗೆ ನನ್ನ ಹೆಸರೂ ಇತ್ತು, ಜಂಟಿ ಖಾತೆ ಎಂದು.

ಏನೋ ಎಡವಟ್ಟಾಗಿದೆ ಎಂದುಕೊಂಡು ಗ್ರಾಮ ಆಡಳಿತಾಧಿಕಾರಿಗೆ ಫೋನ್ ಮಾಡಿದೆ. ಆ ಹುಡುಗಿ ನಕ್ಕಳು.

"ಮೇಡಂ, ಅದು ಹಕ್ಕು ಬಿಟ್ಟುಕೊಡೋ ನಂಬರಲ್ಲ. ವಾರಸುದಾರರು ಯಾರಿದ್ದಾರೋ ಅವರೆಲ್ಲರ ಹೆಸರು ಸೇರಿಸೋದಕ್ಕೆ, ಅವರವರ ಫೋನಿಗೇ ಹೋಗುತ್ತೆ. ಬಿಟ್ಟುಕೊಡಬೇಕು ಅಂದ್ರೆ ಬೇರೆ ಪತ್ರ ರಿಜಿಸ್ಟರ್ ಮಾಡಿಸಬೇಕು. ನಿಮ್ಮ ತಮ್ಮನಿಗೂ ಅವತ್ತೇ ಹೇಳಿದ್ದೆ. ತಲೆ ಆಡಿಸಿದ್ರು."

ತಲೆ ಆಡಿಸಿರುತ್ತಾನೆ. ಅಕ್ಕನ ಒಪ್ಪಿಗೆ ಬೇಕು ಎಂದ ಕೂಡಲೇ ಅವನಿಗೆ ನೆನಪಾಗಿದ್ದು ಅತ್ತೆಯರ ಹೆಬ್ಬೆಟ್ಟು. ನನಗೂ ಅದೇ ತಾನೇ ನೆನಪಾಗಿದ್ದು? ನಂಬರು ಕೊಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದವಳು, ಕೊಟ್ಟು ಅತ್ತವಳು, ಇಬ್ಬರೂ ನಾನೇ. ನನ್ನ ಪೆದ್ದುತನಕ್ಕೆ ಒಬ್ಬಳೇ ನಕ್ಕೆ.

ಹೆಸರು ನೋಡಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹಿಂದೆಯೇ ಭಯವೂ ಬಂತು. ಅಕ್ಕ ಒಳಗೊಳಗೇ ಆಟ ಆಡಿದಳು ಎಂದುಕೊಂಡರೆ? ತಮ್ಮನಿಗೂ ವಿಷಯ ತಿಳಿದಿತ್ತೆಂದು ಕಾಣುತ್ತದೆ, ಫೋನು ನಿಂತುಹೋಯಿತು. ಗೌರಿ ಹಬ್ಬಕ್ಕೆ ಮುಂಚೆ ಬಾಗಿನ ತಂದುಕೊಡುವುದನ್ನು ಅವನು ಯಾವ ವರ್ಷವೂ ತಪ್ಪಿಸಿದವನಲ್ಲ. ಆ ವರ್ಷ ಬರಲಿಲ್ಲ. ಹಬ್ಬದ ದಿನ ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನೋಡಿದೆ. ಪಹಣಿಯಲ್ಲಿ ಹೆಸರು ಬಂತು, ತವರು ಹೋಯಿತು ಎಂದುಕೊಂಡೆ.

ಹಬ್ಬ ಕಳೆದು ಗಣಪತಿ ಬಿಟ್ಟ ಮೇಲೆ ಒಂದು ಭಾನುವಾರ ಬಂದ. ಕೈಯಲ್ಲಿ ಬಾಗಿನದ ಚೀಲ, ಮುಖ ಮಾತ್ರ ಊದಿಕೊಂಡಿತ್ತು. ಚೀಲ ಕೊಟ್ಟು ಕುರ್ಚಿಯ ತುದಿಯಲ್ಲಿ ಕೂತ. ಕಾಫಿ ಮುಟ್ಟಲಿಲ್ಲ.

"ಶುಂಠಿ ಆಕೋಕೆ ಒಲ ಗುತ್ಗೆ ಕೇಳ್ತಾವ್ರೆ" ಎಂದ, ನೆಲ ನೋಡಿಕೊಂಡೇ. "ಫೋನಲ್ಲಿ ಪಾಣಿ ನೋಡವ್ರೆ. ಇಬ್ರೆಸ್ರೂ ಅದೆ, ನಿಮ್ಮಕ್ಕನ್ನೂ ಕೇಳ್ಕಂಡ್ ಬಾ ಅಂದ್ರು. ಏನ್ ಮಾಡಣ?"

ಮದುವೆಯಾಗುವವರೆಗೂ ಆ ಹೊಲದಲ್ಲಿ ಕಳೆ ಕಿತ್ತವಳು ನಾನು. ಏನು ಬೆಳೆಯೋಣ ಎಂದು ಯಾರೂ ಒಂದು ದಿನ ನನ್ನನ್ನು ಕೇಳಿದ್ದಿಲ್ಲ. ನಿನ್ನಿಷ್ಟ ಕಣಪ್ಪ ಎಂದುಬಿಟ್ಟರೆ ಅವನ ಮುಖ ಅರಳುತ್ತಿತ್ತು. ಮಾತು ಬಾಯಿಗೆ ಬಂದೂ ಇತ್ತು.

"ಬ್ಯಾಡ ಕಣ್ಲಾ" ಎಂದೆ. "ಶುಂಠಿ ಕಿತ್ಮೇಲೆ ಆ ಮಣ್ಣು ಸುಧಾರಿಸ್ಕೊಳೋಕೆ ಎಷ್ಟ್ ವರ್ಸ ಬೇಕೋ. ರಾಗಿನೇ ಇರ್ಲಿ."

ಅವನು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. ಎದ್ದು ಹೊರಟನೆಂದುಕೊಂಡೆ. ಅವನು ಜೇಬಿನಿಂದ ಫೋನ್ ತೆಗೆದು, ಅಲ್ಲೇ ನನ್ನ ಮುಂದೆಯೇ, ಗುತ್ತಿಗೆಯವನಿಗೆ ಮಾಡಿದ.

"ಇಲ್ಲ ಕಣಣ್ಣ, ಆಗಕಿಲ್ಲ. ನಮ್ಮಕ್ಕ ಬ್ಯಾಡ ಅಂತಾವ್ಳೆ."