ಈರಲಿಂಗಪ್ಪ ಮುಚ್ಚಿದ ಬೆಸುಗೆ

ಈ ಕತೆಯನ್ನು ಈರಲಿಂಗಪ್ಪ ನನಗೆ ಹೇಳಿದ್ದು ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಯುತ್ತ, ಬೆನ್ನನ್ನು ನನ್ನ ಕಡೆ ತಿರುಗಿಸಿಕೊಂಡು. ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಗೇಟಿನ ಒಂದೇ ಸರಳಿಗೆ ನಾಲ್ಕು ಕೋಟು ಬಿದ್ದವು.

ಹಿಂದೂಪುರದ ಹುಣಸೆಹಣ್ಣಿನ ಮಂಡಿಗಳ ಹಿಂದೆ ಅವನ ಪೇಂಟಿಂಗ್ ಶೆಡ್ಡು. ಊರಿನಲ್ಲಿ ಬಣ್ಣದ ಮಾತಾಡುವವರು ಬೇಕಾದಷ್ಟು ಮಂದಿ. ಮಾತಾಡದೆ ಬಣ್ಣ ಹಚ್ಚುವವನು ಇವನೊಬ್ಬ. ಆದರೆ ಮೂವತ್ತು ವರ್ಷದಲ್ಲಿ ಅವನಿಗೆ ಹೆಸರು ತಂದದ್ದು ಬಣ್ಣವಲ್ಲ, ಪುಟ್ಟಿ. ಬಣ್ಣಕ್ಕೆ ಮೊದಲು ತಗ್ಗು, ತೂತುಗಳಿಗೆ ಮೆತ್ತುವ ಆ ಬೂದು ಹಿಟ್ಟನ್ನು ಅವನು ಮೆತ್ತಿ, ಎಮರಿ ಕಾಗದದಲ್ಲಿ ಉಜ್ಜಿ ನುಣುಪು ಮಾಡಿದ ಮೇಲೆ, ತಗ್ಗು ಎಲ್ಲಿತ್ತೆಂದು ಹೇಳಲು ಜೋಯಿಸರೇ ಬರಬೇಕು.

ಪಕ್ಕದ ಶೆಡ್ಡು ವೆಲ್ಡರ್ ಪೋತಪ್ಪನದು. ಇಬ್ಬರ ನಡುವೆ ಕಾಗದವಿಲ್ಲದ ಒಂದು ಕರಾರಿತ್ತು. ಬೆಸುಗೆಯಲ್ಲಿ ಸಂದು ಬಿಟ್ಟರೆ ಪೋತಪ್ಪ ಕಣ್ಣು ಮಿಟುಕಿಸಿ "ಉಳಿದಿದ್ದು ನಿಂದು ಕಣ್ಲಾ" ಅನ್ನುವುದು, ಈರಲಿಂಗಪ್ಪ ಮರುಮಾತಿಲ್ಲದೆ ಪುಟ್ಟಿ ಮೆತ್ತುವುದು. ಒಬ್ಬ ಕಸುಬುದಾರ ಇನ್ನೊಬ್ಬನ ಹುಳುಕನ್ನು ಗಿರಾಕಿಯ ಎದುರು ಎತ್ತಿದರೆ ಆ ಬೀದಿಯಲ್ಲಿ ಅದಕ್ಕಿಂತ ದೊಡ್ಡ ದ್ರೋಹವಿಲ್ಲ.

ಹೋದ ವರ್ಷ ಕಲ್ಯಾಣದುರ್ಗದಿಂದ ಶ್ರೀವಾಣಿ ಎಂಬ ಹುಡುಗಿ ಬಂದಳು. ಅಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ರಜೆಯ ದಿನ ಮಣ್ಣಿನ ಟ್ರ್ಯಾಕಿನಲ್ಲಿ ಕಾರಿನ ರೇಸಿಗೆ ಹೋಗುತ್ತಾಳೆ. ಹಳೆಯ ಕಾರೊಂದರ ಒಳಗೆ ಪೋತಪ್ಪನ ಕೈಯಲ್ಲಿ ಕಬ್ಬಿಣದ ಪೈಪಿನ ಪಂಜರ ಕಟ್ಟಿಸಿದ್ದಳು. ಕಾರು ಪಲ್ಟಿ ಹೊಡೆದರೆ ರೂಫು ಕುಸಿದು ತಲೆ ಜಜ್ಜಿಹೋಗದಂತೆ ಕಾಯುವ ಪಂಜರ. ರೇಸಿನವರು ಅದನ್ನು ರೋಲ್ ಕೇಜ್ ಎನ್ನುತ್ತಾರೆ. ಅದಕ್ಕೆ ಬಣ್ಣ ಹೊಡೆಯಬೇಕಾದ ಈರಲಿಂಗಪ್ಪನಿಗೆ ಅದು ಬೋನು.

"ಅಣ್ಣಾ, ಪೌಡರ್ ಕೋಟಿಂಗ್ ಮಾಡ್ಸಿದ್ರೆ ಗಟ್ಟಿ ಅಂತಾರಲ್ಲ?"

"ಗಟ್ಟೀನೇ ಕಣಮ್ಮ. ಆದ್ರೆ ಅದನ್ನ ಒಲೇಲಿ ಬೇಯಿಸ್ಬೇಕು. ನೀನು ನೋಡಿದ್ರೆ ಬೋನನ್ನ ಕಾರೊಳಗೇ ಬೆಸೆಸ್ಬುಟ್ಟಿದ್ದೀಯ. ಕಾರನ್ನೇ ಬಜ್ಜಿ ಮಾಡಾನ?"

"ಮತ್ತೆ ಮಾಮೂಲಿ ಎನಾಮಲ್ಲು?"

"ಪೆಟ್ರೋಲು ಒಂದ್ ತೊಟ್ಟು ಬಿದ್ರೆ ಸುಲಕಂಡ್ ಬತ್ತೈತೆ. ಎಪಾಕ್ಸಿ ಪ್ರೈಮರ್ ಹಾಕಿ, ಮ್ಯಾಲೆ ಹಾರ್ಡನರ್ ಬೆರೆಸಿದ ಪಿ.ಯು. ಪೇಂಟು ಎರಡು ಕೋಟು ಹೊಡೀತೀನಿ. ಹತ್ತು ವರ್ಷ ಅಲ್ಲಾಡಾಕಿಲ್ಲ. ಕೆಂಪು ಹೊಡೀಲಾ? ಜೋರಾಗಿರ್ತೈತೆ."

"ಬ್ಯಾಡಣ್ಣ, ತಿಳಿ ಬೂದು ಹೊಡಿ. ಬೆಸುಗೆ ಬಿರುಕು ಬಿಟ್ರೆ ತುಕ್ಕಿನ ಗೆರೆ ಎದ್ದು ಕಾಣ್ಬೇಕು."

ತಪ್ಪು ಮುಚ್ಚಲಿ ಎಂದು ಬಣ್ಣ ಹೊಡೆಸುವವರನ್ನೇ ಕಂಡಿದ್ದ ಈರಲಿಂಗಪ್ಪನಿಗೆ, ತಪ್ಪು ಕಾಣಲಿ ಎಂದು ಬಣ್ಣ ಕೇಳುವ ಗಿರಾಕಿ ಇವಳೇ ಮೊದಲು. ನಕ್ಕುಬಿಟ್ಟ.

ಮಾರನೆಯ ದಿನ ಪೈಪು ಉಜ್ಜುವಾಗ ಡ್ರೈವರ್ ತಲೆಯ ಮೇಲಿನ ಮೂಲೆ ಕೈಗೆ ತಾಗಿತು. ಎರಡು ಪೈಪು ಕೂಡುವ ಜಾಗ. ಕೆಳಗಿನ ಅರ್ಧಕ್ಕೆ ಬೆಸುಗೆ ಇತ್ತು. ರೂಫಿನ ಕಡೆಯ ಅರ್ಧ ಬರಿಯ ಸಂದು. ಪೋತಪ್ಪನನ್ನು ಕರೆದು ತೋರಿಸಿದ.

"ಅಲ್ಲಿ ಕೈ ಹೋಗಾಕಿಲ್ಲ ಕಣ್ಲಾ, ರೂಫು ಅಡ್ಡ ಬತ್ತೈತೆ. ಅರ್ಧ ಹಿಡಕಂಡೈತಲ್ಲ, ಸಾಕು. ಉಳಿದಿದ್ದು ನಿಂದು."

ಈರಲಿಂಗಪ್ಪನ ಕೈ ಮಾಡುತ್ತ ಬಂದದ್ದನ್ನೇ ಮಾಡಿತು. ಸಂದಿಗೆ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದು, ತಿಳಿ ಬೂದು ಬಣ್ಣ ಏರಿಸಿತು. ಇಡೀ ಪಂಜರದಲ್ಲಿ ಅಷ್ಟು ಚೆಂದದ ಮೂಲೆ ಇನ್ನೊಂದಿರಲಿಲ್ಲ.

ಕಾರು ಒಯ್ಯಲು ಶ್ರೀವಾಣಿಯ ಜೊತೆ ಅವಳ ತಾಯಿ ಲಕ್ಷ್ಮೀದೇವಿಯೂ ಬಂದರು. ಆಯಮ್ಮ ಪಂಜರಕ್ಕೆ ಕುಂಕುಮ ಇಡಲು ಒಳ್ಳೆಯ ಜಾಗ ಹುಡುಕಿ, ಆ ನುಣುಪು ಮೂಲೆಗೇ ಇಟ್ಟರು.

"ಗಾಡಿ ಪಲ್ಟಿ ಹೊಡೆದ್ರೆ ಇದು ನಮ್ ಹುಡುಗೀನ ಉಳಿಸ್ತೈತೇನಣ್ಣ?"

"ಹತ್ತು ವರ್ಷ ಏನೂ ಆಗಾಕಿಲ್ಲಮ್ಮ" ಅಂದ. ಅವನು ಹೇಳಿದ್ದು ಪೇಂಟಿನ ವಿಷಯ. ಆಯಮ್ಮನಿಗೆ ಅದು ಮಗಳ ವಿಷಯವಾಗಿ ಕೇಳಿಸಿತು ಎಂಬುದು ಅವರ ಮುಖದಲ್ಲಿ ಕಂಡಿತು. ಕಂಡರೂ ತಿದ್ದಲಿಲ್ಲ. ಆಯಮ್ಮ ಕೈ ಮುಗಿದರು, ಇವನೂ ಮುಗಿದ.

ಭಾನುವಾರ ರೇಸು. ಗುರುವಾರ, ಶುಕ್ರವಾರ ಫೋನು ಕೈಗೆತ್ತಿಕೊಂಡು ನಾಲ್ಕು ಸಲ ಇಟ್ಟ. ಶನಿವಾರ ಬೆಳಿಗ್ಗೆ ಚೀಲಕ್ಕೆ ಸ್ಕ್ರೇಪರು, ಥಿನ್ನರು, ಉಳಿ, ಸುತ್ತಿಗೆ ಹಾಕಿಕೊಂಡು ಬಸ್ಸು ಹತ್ತಿದ. ಆ ದಾರಿಯ ಬಸ್ಸು ಆಂಧ್ರ ಬಿಟ್ಟು ಪಾವಗಡದಲ್ಲಿ ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತದೆ. ಎರಡು ಸಲ ಗಡಿ ದಾಟಿದರೂ, ಪಾವಗಡದಲ್ಲಿ ಇಳಿದು ವಾಪಸು ಹೋಗಿಬಿಡಲೇ ಎಂಬ ಆಸೆಯನ್ನು ದಾಟಲು ಅವನಿಗೆ ಬಹಳ ಕಷ್ಟವಾಯಿತಂತೆ.

ಕಲ್ಯಾಣದುರ್ಗದ ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ಆರು ಮಂದಿ ಹೆಂಗಸರು ಕಾರು ಕಲಿಯಲು ಬಂದಿದ್ದರು. ಇವನನ್ನು ಕಂಡದ್ದೇ ಶ್ರೀವಾಣಿ ಕೂಗಿದಳು: "ಇವರೇ ನೋಡ್ರೀ ನಮ್ ಪೇಂಟರಣ್ಣ! ಎಂಥಾ ಫಿನಿಶಿಂಗು!" ಲಕ್ಷ್ಮೀದೇವಿ ಕುರ್ಚಿ ಹಾಕಿ, ತಟ್ಟೆ ತುಂಬ ಮಂಡಕ್ಕಿಯ ಉಗ್ಗಾಣಿ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಒಬ್ಬಾಕೆ ಅಲ್ಲೇ ನಿಂತಿದ್ದ ರೇಸಿನ ಕಾರಿನೊಳಗೆ ಬಗ್ಗಿ ಆ ಮೂಲೆಯನ್ನೇ ಸವರಿ "ಎಂತ ನುನುಪು!" ಎಂದು ತೆಲುಗಿನಲ್ಲಿ ಬೆರಗಾದಳು. ಈರಲಿಂಗಪ್ಪ ತಟ್ಟೆ ಮುಟ್ಟಲಿಲ್ಲ.

ನಾನು ಓದಿದ ಕಾನ್ವೆಂಟಿನ ಚರ್ಚಿನಲ್ಲಿ ತಪ್ಪೊಪ್ಪಿಕೊಳ್ಳುವವರಿಗೆಂದು ಒಂದು ಮರದ ಗೂಡಿತ್ತು; ಪರದೆಯಿತ್ತು; ಕೇಳುವ ಪಾದ್ರಿಗೆ ಮುಖ ಕಾಣುತ್ತಿರಲಿಲ್ಲ. ಈರಲಿಂಗಪ್ಪನಿಗೆ ಸಿಕ್ಕಿದ್ದು ಬಟಾಬಯಲು, ಉರಿಬಿಸಿಲು, ಎಂಟು ಜನ ಹೆಂಗಸರು.

"ಆ ಮೂಲೇಲಿ ಬೆಸುಗೆ ಅರ್ಧಾನೇ ಐತೆ ಕಣಮ್ಮ" ಅಂದ. "ಉಳಿದಿದ್ದು ನಾನು ಪುಟ್ಟಿ ಹಾಕ್ಬುಟ್ಟೆ. ಗೊತ್ತಿದ್ದೇ ಹಾಕಿದೆ."

ಅವನು ಕಾರಿನೊಳಗೆ ತೂರಿ ಸ್ಕ್ರೇಪರ್ ಇಟ್ಟು ಕೆರೆದ. ಬಣ್ಣ ಬರಲಿಲ್ಲ. ಥಿನ್ನರ್ ಬಟ್ಟೆ ಒತ್ತಿ ಕೆರೆದ, ಹೊಳಪೂ ಹೋಗಲಿಲ್ಲ. ಅಷ್ಟು ಗಟ್ಟಿ ಪೇಂಟು ಆರಿಸಿದವನು ತಾನೇ. ಕೊನೆಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯತೊಡಗಿದ. ಹೆಂಗಸರು ಕಾರಿನ ನಾಲ್ಕೂ ಬಾಗಿಲಲ್ಲಿ ಬಗ್ಗಿ ನೋಡುತ್ತ ನಿಂತರು. ಮುಕ್ಕಾಲು ಗಂಟೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ತಲೆ ಎತ್ತಲಿಲ್ಲ. ಎತ್ತಿದರೆ ಒಂದಲ್ಲ ಒಂದು ಮುಖ ಕಾಣುತ್ತಿತ್ತು.

ಪುಟ್ಟಿ ಚೂರು ಚೂರಾಗಿ ಉದುರಿತು. ಶ್ರೀವಾಣಿ ಬಂದು ಸಂದಿಗೆ ತನ್ನ ಉಗುರು ತೂರಿಸಿ ನೋಡಿದಳು. ಉಗುರು ಒಳಗೆ ಹೋಯಿತು.

"ಪೋತಪ್ಪಣ್ಣಂಗೂ ಗೊತ್ತಾ?"

ಬೀದಿಯ ಕರಾರು ಮುರಿದು "ಗೊತ್ತು" ಅಂದ. "ಆದ್ರೆ ಕಾಣದಂಗೆ ಮಾಡಿದ್ದು ನಾನು."

ಅವಳು ಅಲ್ಲೇ ಫೋನು ತೆಗೆದು, ರೇಸಿನವರಿಗೆ ಈ ಸಲ ಬರುವುದಿಲ್ಲ ಎಂದು ಹೇಳಿದಳು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ರೂಫು ಕತ್ತರಿಸಿ ಪೂರ್ತಿ ಬೆಸುಗೆ ಹಾಕಿಸುತ್ತೇನೆ, ಬಣ್ಣ ಮತ್ತೆ ಹೊಡೆದುಕೊಡುತ್ತೇನೆ ಎಂದು ಇವನು ತೊದಲುತ್ತಿದ್ದಾಗ ಲಕ್ಷ್ಮೀದೇವಿ ನಡುವೆ ಕೇಳಿದರು:

"ಅದಿರ್ಲಿ ಬಿಡಣ್ಣ. ಇಂಥವು ಇನ್ನೆಷ್ಟು ಮುಚ್ಚಿದ್ದೀಯ?"

ಮೂವತ್ತು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಒಂದೊಂದೇ ಹೊರಬಂತು.

"ಸೆಟ್ಟೂರಿನ ಜೋಗಪ್ಪನ ಟ್ರೈಲರ್ ಕೊಂಡಿ... ಪೆನುಕೊಂಡದ ಒಂದು ಸ್ಕೂಲ್ ವ್ಯಾನಿನ ಮೆಟ್ಲು... ಅದರದ್ದೇ ಸೀಟಿನ ಕಾಲು ಎರಡು..."

ಶ್ರೀವಾಣಿ ಕಲಿಯುವವರ ಹಾಜರಿ ಪುಸ್ತಕವನ್ನು ತಿರುವಿ, ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ನು ಊರಿದಳು.

"ನಿಧಾನಕ್ಕೆ ಹೇಳಣ್ಣ" ಅಂದಳು. "ವ್ಯಾನಿನದು ಮೊದ್ಲು ಹೇಳು. ನಂಬರ್ ನೆನಪೈತಾ?"