ಅತ್ತೆಯ ಕೈ ಕಟ್ಟಿದ ದಿನ

ಆ ದಿನವೂ ನಸುಕಿನಲ್ಲೇ ಎದ್ದು ಎರಡು ರೊಟ್ಟಿ ಹೆಚ್ಚಿಗೆ ಬಡಿದೆ. ನುಚ್ಚಿನ ಗಂಜಿಯನ್ನು ಥರ್ಮಾಸಿಗೆ ಸುರಿದೆ. ಅತ್ತೆಯ ವಿಭೂತಿ ಗಟ್ಟಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಇಳಕಲ್ಲಿನಿಂದ ಬಾಗಲಕೋಟೆಯ ಮೊದಲ ಬಸ್ಸು ಹಿಡಿದೆ. ಹುನಗುಂದದಲ್ಲಿ ಕೂರಲು ಜಾಗ ಸಿಕ್ಕಿತು, ಕಮತಗಿಯಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ಹತ್ತು ದಿನದಿಂದ ಇದೇ ನಡೆದಿತ್ತು. ಟೊಂಕದ ಎಲುಬು ಮುರಿದು ಅತ್ತೆ ಬಾಗಲಕೋಟೆಯ ದವಾಖಾನೆಯಲ್ಲಿದ್ದರು. ರಾತ್ರಿ ನಾದಿನಿ, ಹಗಲು ನಾನು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ವಾರ್ಡಿನ ಬಾಗಿಲಲ್ಲೇ ನಾದಿನಿ ನಿಂತಿದ್ದಳು. "ವೈನಿ, ಅವ್ವನ ಕೈ ಕಟ್ಟ್ಯಾರ. ತಲಿ ಕೆಟ್ಟೈತಂತ. ಹಿಂಗಾ ಇದ್ರ ನಾಳೆ ಹುಚ್ಚರ ದವಾಖಾನಿಗೆ ಕಳಸ್ತಾರಂತ."

ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಮಣಿಕಟ್ಟನ್ನು ಮಂಚದ ಸರಳಿಗೆ ಬಿಗಿದಿದ್ದರು. ಅತ್ತೆ ಸೂರು ನೋಡುತ್ತಿದ್ದರು. ಕಾಲ ಕಡೆ ತೂಗುಹಾಕಿದ ಕಾಗದದಲ್ಲಿ ಇಂಗ್ಲಿಷ್ ಬರಹ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಮದುವೆಯಾದ ಮೇಲೆ ಔಷಧಿ ಬಾಟಲಿಯ ಚೀಟಿ ಓದುವುದಕ್ಕಷ್ಟೇ ಉಳಿದಿತ್ತು. ಅವತ್ತು ಓದಿದೆ: ಗೊಂದಲದಲ್ಲಿದ್ದಾಳೆ. ಊರು, ವಾರ ಹೇಳುವುದಿಲ್ಲ. ಹಾಸಿಗೆಯ ಬಟ್ಟೆ ಕೀಳುತ್ತಾಳೆ.

ಬರೆದ ನರ್ಸು ಮೈಸೂರು ಕಡೆಯ ಹುಡುಗಿ, ಮೆತ್ತಗಿನ ಮಾತು. "ಜ್ವರ ಇದೆ ನೋಡಿ. ಬಟ್ಟೆ ಹೀಗೆ ಕೀಳೋದು ಬುದ್ಧಿ ತಪ್ಪೋ ಲಕ್ಷಣ ಅಂತ ನಮಗೆ ಕಲಿಸಿದ್ದಾರೆ. ಇದು ಯಾವ ಜಾಗ ಅಂತ ಕೇಳಿದ್ರೆ, 'ದಿನಾ ಬರಾಕಿ ನೀನು, ನಿನಗ ಗೊತ್ತಿಲ್ಲೇನವಾ' ಅಂದ್ರು."

ನಗು ಬಂತು, ನುಂಗಿಕೊಂಡೆ. ಹಾಸಿದ ದುಪ್ಪಟಿ ನಮ್ಮ ಮನೆಯದೇ. ಒಂದು ಅಂಚು ಬಿಚ್ಚಿ ಎಳೆ ಜೋತುಬಿದ್ದಿತ್ತು, ಹೊಲಿಯಬೇಕು ಅಂತ ಎಷ್ಟು ದಿನದಿಂದ ಅಂದುಕೊಂಡಿದ್ದೆನೋ. ಎತ್ತಿ ನೋಡಿದರೆ ಆ ಎಳೆಗಳು ಎರಡೆರಡಾಗಿ ಕೂಡಿದ್ದವು. ಗೇಣಿನಷ್ಟು ಉದ್ದಕ್ಕೆ ಒಂದೇ ಅಳತೆಯ ಗಂಟು.

"ಸಿಸ್ಟರ್, ಇವ್ರು ನಲವತ್ತು ವರ್ಷ ಇಳಕಲ್ ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಗಂಟು ಹಾಕಿ ಕೂಡಸೂ ಕೊಂಡಿ ಕೆಲಸಾ ಮಾಡ್ಯಾರ. ಕೈ ಸುಮ್ಮನ ಇರೂದಿಲ್ಲ. ತಲಿ ಕೆಟ್ಟಾಕಿ ಹಿಂಗ ಗಂಟು ಹಾಕ್ತಾಳೇನು?"

ಅವಳು ಅಂಚನ್ನು ಹಿಡಿದು ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಮತ್ತೊಮ್ಮೆ ಕೇಳ್ರಿ," ಅಂದೆ. ಅತ್ತೆಯ ಕಡೆ ಬಾಗಿ, "ಸರಿಯಾಗಿ ಹೇಳ್ರಿ ಅತ್ತಿ, ಕೈ ಬಿಡ್ತಾರ."

"ಮೊದಲ ಬಿಚ್ಚಲಿ. ಆಮ್ಯಾಲ ಹೇಳ್ತೇನಿ."

ನಾನೇ ಬಿಚ್ಚತೊಡಗಿದೆ. "ಬೇಡಿ, ಡಾಕ್ಟರು ಬಯ್ತಾರೆ," ಅಂದಳು ನರ್ಸು.

"ಬಯ್ಯಲಿ. ಸೊಸಿ ಬಿಚ್ಚಿದಳು ಅನ್ರಿ."

ಆ ಮನೆಯಲ್ಲಿ ಎಂಟು ವರ್ಷ ನಾನು ಎದುರು ಮಾತಾಡಿದವಳಲ್ಲ. ಒಂದು ಕೈಯ ಗಂಟು ಬಿಚ್ಚಿ ಇನ್ನೊಂದನ್ನೂ ಬಿಚ್ಚಿದೆ.

ಅತ್ತೆ ಮಣಿಕಟ್ಟು ತಿಕ್ಕಿಕೊಂಡು ನರ್ಸಿನ ಮುಖ ನೋಡಿದರು. "ಇವತ್ತು ಸೋಮವಾರ. ಇದು ಬಾಗಲಕೋಟಿ ದವಾಖಾನಿ. ನಂದು ಬಾಗಲದಿಂದ ಮೂರನೇ ಮಂಚ. ಎದುರಿನಾಕಿ ನಿನ್ನೆ ಮುಂಜಾನಿಂದ ಒಂದು ತುತ್ತು ತಿಂದಿಲ್ಲ, ಗ್ವಾಡಿ ಕಡೆ ಮಾರಿ ಮಾಡ್ಯಾಳ. ಅದನ್ನ ಬರದೀಯೇನವಾ?"

ನರ್ಸು ಎದುರಿನ ಮಂಚಕ್ಕೆ ಹೋಗಿ ಬಹಳ ಹೊತ್ತು ಕೂತಿದ್ದಳು. ತಿರುಗಿ ಬಂದಾಗ ನಾನು ಕಾಗದ ಹಿಡಿದುಕೊಂಡೇ ನಿಂತಿದ್ದೆ. "ಇದನ್ನ ಹೊಡದ ಹಾಕ್ರಿ. ಡಾಕ್ಟರ್ ಬರೂತನಕ ನಾ ಇಲ್ಲಿಂದ ಸರಿಯೂದಿಲ್ಲ." ಅವಳು ಹಳೆಯ ಸಾಲಿನ ಮೇಲೆ ಗೆರೆ ಎಳೆದಳು. ಕೆಳಗೆ, ನೇಯ್ಗೆ ಮನೆಯವರು, ಎಲ್ಲ ಸರಿಯಾಗಿ ಹೇಳಿದರು, ಅಂತ ಬರೆದು ಸಹಿ ಹಾಕಿದಳು. ಮಧ್ಯಾಹ್ನ ಡಾಕ್ಟರು ಅದನ್ನು ಓದಿ, ತಾವೂ ಎರಡು ಪ್ರಶ್ನೆ ಕೇಳಿ, ಜ್ವರದ ಗುಳಿಗೆ ಬದಲಿಸಿದರು. ಬೇರೆ ದವಾಖಾನೆಯ ಮಾತು ಎತ್ತಲಿಲ್ಲ.

ಬೇರೆ ದುಪ್ಪಟಿ ಹಾಸಿ ಇದನ್ನು ಮನೆಗೆ ತಂದೆ. ಸಂಜೆ ಒಗೆದು ಹಿತ್ತಲಲ್ಲಿ ಒಣಹಾಕುತ್ತಿದ್ದೆ. ಕೊಡ ಹೊತ್ತು ಹೊರಟಿದ್ದ ಪಕ್ಕದ ಮಗ್ಗದ ಮನೆಯಾಕೆ ತಂತಿಯ ಹತ್ತಿರ ನಿಂತು ಅಂಚಿನ ಗಂಟುಗಳ ಮೇಲೆ ಬೆರಳಾಡಿಸಿದಳು.

"ಅತ್ತಿಯಾರು ದವಾಖಾನಿಂದ ಯಾವಾಗ ಬಂದ್ರು? ಬಂದ ಕೂಡ್ಲೇ ಕೊಂಡಿ ಕೆಲಸಾನೂ ಹಿಡದಾರಲ್ಲ," ಅಂದು ನೀರಿಗೆ ಹೋದಳು.